ಬೆಂಚಿನ ಮ್ಯಾಲೆ ಇಟ್ಟ ಫೋನು

ಎರಡು ತಿಂಗಳ ಹಿಂದಿನ ಮಾತು. ನಮ್ಮ ಟೀಚರ್ ಬಾಯಿ ಸಂಜಿ ಮುಂದ ಚಾ ಕುಡೀಲಿಕ್ಕೆ ಮನಿಗೆ ಬಂದಿದ್ರು. ಮಗನ ಕಡೆ ಮೆಲ್ಬೋರ್ನಿಗೆ ಹೊಂಟಿದ್ರು, ಒಂದ ವರ್ಷದ ಮಟ್ಟಿಗೆ. ಸೂಟಕೇಸಿನಾಗ ಏನೇನ ತುಂಬಬೇಕು, ಶೇಂಗಾ ಚಟ್ನಿ ಎಷ್ಟ ಒಯ್ಯಬೇಕು, ಅಲ್ಲಿ ಥಂಡಿಗೆ ನಮ್ಮ ಸ್ವೆಟರ್ ಸಾಕಾಗ್ತದೋ ಇಲ್ಲೋ, ಎಲ್ಲಾ ಕೇಳಿದ್ರು. ಕಡೀಕ ಕಪ್ಪು ಕೆಳಗಿಟ್ಟು, ಜರಾ ದನಿ ಸಣ್ಣ ಮಾಡಿ, ಮನಸಿನಾಗ ಇದ್ದದ್ದನ್ನ ಕೇಳಿದ್ರು. “ಅಲ್ಲವಾ, ನೀ ಮೂರ ವರ್ಷ ಹ್ಯೂಸ್ಟನ್ನಾಗ ಇದ್ದಿ. ಆದ್ರೂ ತಿರುಗಿ ಬಂದ ಮರುದಿವಸ ಗ್ರೌಂಡಿಗೆ ಬಂದಾಗ, ನಿನ್ನೆ ಹೋದಾಕಿ ಇವತ್ತ ಬಂದಂಗ ನಿಂತಿದ್ದಿ. ಅದು ಹೆಂಗ ಮಾಡಿದಿ? ನಾ ಹೋದ್ರ ನೀವೆಲ್ಲಾ ನನ್ನ ಮರತ ಬಿಡ್ತೀರೋ ಏನೋ.”

“ಏನಿಲ್ರಿ ಬಾಯಿ, ಬೆಂಚಿನ ಮ್ಯಾಲೆ ಫೋನ್ ಇಡೂದು, ಅಷ್ಟ” ಅಂದು ನಕ್ಕೆ.

ಅವರು ಹೋದ ಮ್ಯಾಲೆ, ನಾ ಅರ್ಧಾ ಮಾತ್ರ ಖರೆ ಹೇಳಿದೆ ಅನ್ನಿಸ್ತು. ಪೂರಾ ಹೇಳಬೇಕಂದ್ರ ನನ್ನ ಮರ್ಯಾದಿನೂ ಜರಾ ಹೋಗ್ತದ. ಹೋಗಲಿ, ಈ ವಯಸ್ಸಿನಾಗ ಇಟಗೊಂಡು ಏನ ಮಾಡೂದದ. ಗ್ರೌಂಡಿನ ಮಂದಿ ಮಾತ್ರ ತಮ್ಮ ಹೆಸರು ಹಾಕಬ್ಯಾಡ ಅಂತ ತಾಕೀತು ಮಾಡ್ಯಾರ. ಅದಕ್ಕ ನಾವು ನಮ್ಮೊಳಗ ಕರಿಯೋ ಅಡ್ಡಹೆಸರಲೇ ಬರೀತೀನಿ.

ನಮ್ಮದೇನು ದೊಡ್ಡ ಕ್ಲಬ್ ಅಲ್ರಿ. ಧಾರವಾಡದಾಗ ಮಾಳಮಡ್ಡಿ ಕಡೆ ಒಂದ ಸಣ್ಣ ಬಯಲು, ಎರಡು ಕಂಬ, ಒಂದು ನೆಟ್ಟು, ಒಂದು ಕಲ್ಲಿನ ಬೆಂಚು. ತಿಂಗಳಿಗೆ 50 ರೂಪಾಯಿ ವರ್ಗಣಿ. ದಿನಾ ಮುಂಜಾನೆ ಆರಕ್ಕ ಎಂಟೊಂಬತ್ತು ಹೆಣ್ಣಮಕ್ಕಳು ಕೂಡಿ ರಿಂಗ್ ಆಡ್ತೀವಿ. ಟೆನ್ನಿಕಾಯ್ಟ್ ಅಂತ ಅದರ ಪುಸ್ತಕದಾಗಿನ ಹೆಸರು. ಸಾಲಿಯೊಳಗ ಆಡಿದವರಿಗೆ ಗೊತ್ತಿರ್ತದ. ರಬ್ಬರಿನ ಬಳಿ, ನೆಟ್ಟಿನ ಮ್ಯಾಲಿಂದ ಒಗೀಬೇಕು, ಆ ಕಡೆದವರು ಒಂದ ಕೈಲೆ ಹಿಡೀಬೇಕು, ಎರಡ ಕೈ ಹಚ್ಚಿದ್ರ ಫೌಲು. 21 ಪಾಯಿಂಟಿಗೆ ಒಂದ ಗೇಮು. ನಾನು ಹೈಸ್ಕೂಲಿನಾಗ ಕಲ್ತೆ, ಪಿಯುಸಿ ಒಳಗ ಕಾಲೇಜಿನ ಟೀಮಿಗೆ ಆಡಿದೆ. ಪರೀಕ್ಷಾ ಮುಗಿದ ಎರಡ ತಿಂಗಳಿಗೆ ಲಗ್ನ ಆತು. ಅಲ್ಲಿಗೆ ರಿಂಗು ಮುಗೀತು ಅಂದಕೊಂಡಿದ್ದೆ. ನಲವತ್ತು ದಾಟಿದ ಮ್ಯಾಲೆ ಡಾಕ್ಟರು ಶುಗರ್ ಬಾರ್ಡರಿನ ಮ್ಯಾಲೆ ಅದ ಅಂದ್ರು ನೋಡ್ರಿ, ಆವಾಗ ಮತ್ತ ಕೈಯಾಗ ಬಂತು.

ಡಬಲ್ಸ್ ಒಳಗ ನನ್ನ ಜೊತಿಗೆ ಆಡೂವಾಕಿಗೆ ನಾ ‘ಜೋಡಿ’ ಅಂತ ಕರೀತೀನಿ, ಅಕಿ ನನಗೂ ಹಂಗ ಕರೀತಾಳ. ಹತ್ತ ವರ್ಷ ಆತು, ಒಬ್ಬರಿಗೊಬ್ಬರು ಹೆಸರು ಹಿಡದು ಕರದದ್ದ ನೆನಪಿಲ್ಲ. ಅಕಿ ಎಡಗೈಯಾಕಿ, ನಾ ಬಲಗೈಯಾಕಿ. ಹಿಂಗಾಗಿ ಎರಡೂ ಕಡೆ ಗೆರಿ ನಮ್ಮ ಕೈಯಾಗ ಇರ್ತಿತ್ತು. ಬ್ಯಾಂಕ್ ವೈನಿಯಂತೂ “ನಿಮ್ಮಿಬ್ಬರನ್ನ ಬ್ಯಾರೆ ಬ್ಯಾರೆ ಟೀಮಿಗೆ ಹಾಕ್ರವಾ, ನಮಗ ಗೆಲ್ಲಲಿಕ್ಕೆ ಒಂದ ಅವಕಾಶ ಕೊಡ್ರಿ” ಅಂತ ದಿನಾ ಜಗಳ ತಗೀತಿದ್ರು. ಆಟ ಮುಗಿದ ಮ್ಯಾಲೆ ಅದ ಬೆಂಚಿನ ಮ್ಯಾಲೆ ಕೂತು ಹತ್ತ ನಿಮಿಷ ಮಾತು. ಖರೆ ಹೇಳಬೇಕಂದ್ರ ಆ ಹತ್ತ ನಿಮಿಷದ ಸಲುವಾಗಿನ ಒಂದ ತಾಸು ಆಡ್ತಿದ್ವಿ. ಅತ್ತಿ ಕಿರಿಕಿರಿ, ಸೊಸಿ ಮೌನ, ಮೆನೋಪಾಸು, ಮಗಳ ವರ ಪರೀಕ್ಷಾ, ಎಲ್ಲಾ ಅಲ್ಲೇ ಇಳಿಸಿ ಮನಿಗೆ ಹೋಗಿ ಒಗ್ಗರಣಿ ಹಾಕೂದು.

2019ರ ಜೂನಿನಾಗ ನಮ್ಮನಿಯವರ ಕಂಪನಿ ಅವರನ್ನ ಮೂರ ವರ್ಷಕ್ಕ ಅಂತ ಅಮೆರಿಕಾದ ಹ್ಯೂಸ್ಟನ್ ಆಫೀಸಿಗೆ ಕಳಸ್ತು. ಮಗ ಬೆಂಗಳೂರಾಗ ನೌಕರಿಗೆ ಹತ್ತಿದ್ದ, ಹಿಂಗಾಗಿ ನಾನೂ ಹೊಂಟೆ. ಹೋಗೂ ಮುಂದ ಗೆಳತ್ಯಾರು ಒಂದ ಹೊಸಾ ರಿಂಗು ಕೊಟ್ರು. ಕೆಂಪು ಬಣ್ಣದ್ದು. ಅದನ್ನ ಚಟ್ನಿಪುಡಿ ಡಬ್ಬಿ ನಡಕ ಇಟ್ಟಿದ್ದೆ. ಹ್ಯೂಸ್ಟನ್ ಏರ್‌ಪೋರ್ಟಿನಾಗ ಕಸ್ಟಮ್ಸಿನವ ಬ್ಯಾಗ್ ತಗಸಿದ. ಚಟ್ನಿಪುಡಿ ಬಿಟ್ಟ, ಸಂಡಿಗಿ ಬಿಟ್ಟ, ರಿಂಗ್ ಹಿಡದು ತಿರುವಿ ಹಿಂದ ಮುಂದ ನೋಡಿ, “ನಿಮ್ಮ ಜೊತಿಗೆ ನಾಯಿ ಬಂದದ ಏನು?” ಅಂತ ಕೇಳಿದ. ನಾಯಿ ಕಚ್ಚಿ ಆಡೂ ಆಟಿಗಿ ಅಂದಕೊಂಡಿದ್ದ. ನಮ್ಮನಿಯವರು ನನ್ನ ಕಡೆ ಬಟ್ಟ ಮಾಡಿ “ನಾಯಿ ಅಲ್ಲ, ಇವರು” ಅಂದು ನಕ್ರು. ಮೂರ ದಿವಸ ಮಾತ ಬಿಟ್ಟಿದ್ದೆ ನಾನು.

ಮೊದಲ ಒಂದ ತಿಂಗಳು ಹೆಂಗ ಹೋತು ಅಂತ ಕೇಳಬ್ಯಾಡ್ರಿ. ಕಾರ್ ಹೊಡೀಲಿಕ್ಕೆ ಬರಂಗಿಲ್ಲ, ನಡದು ಹೋಗೂಣು ಅಂದ್ರ ಬಿಸಿಲು ನಮ್ಮ ರಾಯಚೂರಿನಂಗ, ಮ್ಯಾಲೆ ಬೆವರು ಮಂಗಳೂರಿನಂಗ. ಭಾನುವಾರಕ್ಕೊಮ್ಮೆ ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿ, ಇಲ್ಲಾ ಪಿಯರ್‌ಲ್ಯಾಂಡಿನ ಮೀನಾಕ್ಷಿ ಗುಡಿ. ಉಳದ ಆರ ದಿವಸ ನಾನು, ನಾಕ ಗ್ವಾಡಿ, ಮತ್ತ ವಾಟ್ಸಾಪು. ನಮ್ಮ ರಿಂಗ್ ಗ್ರೂಪಿನಾಗ ದಿನಾ ಹೂವಿನ ಚಿತ್ರ, ಶುಭೋದಯ, ಮೊಣಕಾಲ ನೋವಿಗೆ ಮನಿ ಮದ್ದು ಬರ್ತಿದ್ವು. ನಾನೂ ಹೂವು ಕಳಸ್ತಿದ್ದೆ. ಒಂದ ದಿವಸ ಕೂತು ಹಿಂದಿಂದ ಎಲ್ಲಾ ಓದಿ ನೋಡಿದ್ರ, 15 ದಿವಸದಾಗ ಒಬ್ಬರ ಬಗ್ಗೆನೂ ಒಂದ ಸುದ್ದಿ ಇಲ್ಲ! ಯಾರ ಗೆದ್ರು, ಯಾರ ಬಿದ್ರು, ಯಾರ ಮನ್ಯಾಗ ಏನು, ಏನೂ ಇಲ್ಲ. ಯಾಕಂದ್ರ ಮಾತಾಡೂದೆಲ್ಲಾ ಅವರು ಬೆಂಚಿನ ಮ್ಯಾಲೆ ಆಡ್ತಿದ್ರು. ಗ್ರೂಪಿಗೆ ಬರೇ ಹೂವು.

ಜೋಡಿಗೆ ಫೋನ್ ಹಚ್ಚಿ ಹಂಗ ಅಂದೆ. ಅಕಿ ಜರಾ ಹೊತ್ತು ಸುಮ್ಮನಿದ್ದು, “ನಮ್ಮ ಆರು ಅಂದ್ರ ನಿನಗ ಎಷ್ಟು?” ಅಂದ್ಲು. ಹಿಂದಿನ ದಿವಸದ ಸಂಜಿ ಏಳೂವರಿ ಅಂದೆ. “ಕುಕ್ಕರ್ ಇಟ್ಟ ಖಾಲಿ ಇರ್ತಿ ಹೌದಿಲ್ಲೋ? ನಾಳಿಂದ ನೀ ನಮ್ಮ ಅಂಪೈರು.”

ಮರುದಿವಸದಿಂದ ಶುರು ಆತು. ಬೆಂಚಿನ ಮ್ಯಾಲೆ ನೀರಿನ ಬಾಟ್ಲಿಗೆ ಫೋನ್ ಆನಿಸಿ ಇಡ್ತಿದ್ರು. ನಾನು ಇಲ್ಲಿ ಅಡಗಿ ಕಟ್ಟಿ ಮ್ಯಾಲೆ ಫೋನ್ ಇಟ್ಟು, ಒಂದ ಕೈಲೆ ಪಲ್ಯಾ ತಿರುವಿಕೋತ, ಪಾಯಿಂಟ್ ಎಣಿಸ್ತಿದ್ದೆ. ಗೆರಿ ಪೂರಾ ಕಾಣ್ತಿರಲಿಲ್ಲ ಬಿಡ್ರಿ. ಅರ್ಧಾ ಹೊತ್ತು ಖಾನಾವಳಿ ಅಕ್ಕನ ಬೂಟು ಕಾಣ್ತಿದ್ವು, ಇಲ್ಲಾ ಯಾರೋ ಬಾಟ್ಲಿ ತಗೊಂಡ್ರ ಫೋನ್ ಬಿದ್ದು ಧಾರವಾಡದ ಆಕಾಶ ಕಾಣ್ತಿತ್ತು. ಆದ್ರ ಸ್ಕೋರು ನಂದು. “ಹದಿನೆಂಟು ಹದಿನೈದು!” ಅಂತ ನಾ ಒದರೂದು, “ಏ ಹದಿನಾರ ಆಗ್ಯಾವ, ನಿಮ್ಮ ಅಮೆರಿಕಾದಾಗ ಲೆಕ್ಕಾ ಬ್ಯಾರೆ ಏನು” ಅಂತ ಬ್ಯಾಂಕ್ ವೈನಿ ಬೈಯೂದು. ನನಗ ಒಂದ ಕೆಲಸ ಸಿಕ್ತು. ನಾ ಫೋನ್ ಹಚ್ಚಲಿಲ್ಲ ಅಂದ್ರ ಅವರ ಲೆಕ್ಕಾ ತಪ್ಪತಿತ್ತು. ದೂರ ಇದ್ದವರಿಗೆ ಏನರ ಒಂದ ಸಣ್ಣ ಕೆಲಸ ಕೊಡ್ರಿ, ನೆನಪ ಇಟಗೋರಿ ಅಂತ ಹೇಳೂ ಪ್ರಸಂಗನ ಬರೂದಿಲ್ಲ.

ನವೆಂಬರಿನಾಗ ಒಂದ ಮಜಾ ಆತು. ಅಲ್ಲಿ ವರ್ಷಕ್ಕ ಎರಡ ಸಲ ಗಡಿಯಾರದ ಮುಳ್ಳು ಸರಸ್ತಾರ, ಮಾರ್ಚಿನ ಎರಡನೇ ಭಾನುವಾರ ಒಂದ ತಾಸು ಮುಂದ, ನವೆಂಬರಿನ ಮೊದಲನೇ ಭಾನುವಾರ ಒಂದ ತಾಸು ಹಿಂದ. ನನಗೆಲ್ಲಿ ಗೊತ್ತು! ಏಳೂವರಿಗೆ ಠಾಕಠೀಕಾಗಿ ಫೋನ್ ಹಚ್ಚಿದ್ರ ಅವರು ಆಟ ಮುಗಿಸಿ ಚಪ್ಪಲಿ ಹಾಕ್ಕೋಳಿಕತ್ತಾರ. “ಇವತ್ತ ಅಂಪೈರು ನಿದ್ದಿ ಹೊಡದ್ರು” ಅಂತ ಎಲ್ಲಾರೂ ನಗಲಿಕತ್ರು. ಅವತ್ತಿನಿಂದ ಅಡಗಿ ಮನಿ ಗ್ವಾಡಿಗೆ ಎರಡ ಗಡಿಯಾರ ಹಾಕಿದೆ. ಒಂದ ಹ್ಯೂಸ್ಟನ್ನು, ಒಂದ ಮಾಳಮಡ್ಡಿ. ಮಾಳಮಡ್ಡಿ ಗಡಿಯಾರಕ್ಕ ಯಾರೂ ಕೈ ಹಚ್ಚೂ ಹಂಗಿಲ್ಲ ಅಂತ ನಮ್ಮನಿಯವರಿಗೂ ಹೇಳಿಬಿಟ್ಟೆ.

ಎಲ್ಲಾ ಹೂವಿನಂಗ ಇತ್ತು ಅಂತಲ್ಲ. ನನ್ನ ಜಾಗಾದಾಗ ಒಬ್ಬಾಕಿ ಹೊಸಬಳು ಬಂದ್ಲು. ಮೂವತ್ತೈದರಾಕಿ, ಅಕಿಗೆ ಎಲ್ಲಾರೂ ‘ಸಣ್ಣಾಕಿ’ ಅಂತಿದ್ರು. ಛಲೋ ಆಡ್ತಿದ್ಲು. ಜೋಡಿ ಮತ್ತ ಅಕಿ ಒಂದ ಕಡೆ ನಿಂತು ಸಾಲಾಗಿ ಮೂರ ಗೇಮ್ ಗೆದ್ದಾಗ ಸ್ಕೋರ್ ಹೇಳಿದವಳು ನಾನ. ಹೇಳಿ, ಫೋನ್ ಇಟ್ಟು, ಸಂಡಾಸಿನ್ಯಾಗ ಹೋಗಿ ನೀರು ಬಿಟ್ಟು ಅತ್ತೆ. ಐವತ್ತರ ಹೆಂಗಸು, ರಿಂಗಿನ ಜಾಗಾದ ಸಲುವಾಗಿ ಅಳೂದಂದ್ರ ಏನರೀ! ಯಾರಿಗೂ ಹೇಳಲಿಲ್ಲ. ಈ ಯಾರಿಗೂ ಹೇಳದ ಚಟಾ ಅಲ್ಲಿಂದ ಶುರು ಆತು ಅಂತ ಈಗ ಅನಸ್ತದ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನ್ಯಾಗ ಮೆಕ್ಸಿಕೋದಾಕಿ ಒಬ್ಬ ಅಜ್ಜಿ ಇದ್ಲು. ಅಕಿಗೆ ಇಂಗ್ಲೀಷು ನನ್ನಷ್ಟ ಬರ್ತಿತ್ತು, ಅಂದ್ರ ಅಷ್ಟಕ್ಕಷ್ಟ. ಒಂದ ಸಂಜಿ ನಾ ಹುಲ್ಲಿನ ಮ್ಯಾಲೆ ಒಬ್ಬಾಕಿನ ರಿಂಗ್ ಮ್ಯಾಲೆ ಒಗದು ಹಿಡೀಲಿಕತ್ತಿದ್ದೆ. ಅಜ್ಜಿ ಬಂದು ಕೈ ಚಾಚಿದ್ಲು. ಅವತ್ತಿಂದ ನಾವಿಬ್ರು ದಿನಾ ಒಗದಾಡ್ತಿದ್ವಿ. ಅಕಿ ತನ್ನ ಭಾಷಾದಾಗ ಉನೋ, ದೋಸ್, ತ್ರೆಸ್ ಅಂತ ಎಣಿಸ್ತಿದ್ಲು. ಎರಡಕ್ಕ ದೋಸ್ ಅಂತಾರಂತ. ನನಗ ಪ್ರತಿ ಸಲ ದೋಸಿ ನೆನಪಾಗಿ ನಗಿ ಬಂದು ರಿಂಗ್ ಕೈಬಿಡ್ತಿತ್ತು. ನಮ್ಮನಿಯವರು ಎಲ್ಲೋ ಓದಿ ಹೇಳಿದ್ರು, ಈ ಆಟ ಮೊದಲ ಹಡಗಿನ ಡೆಕ್ಕಿನ ಮ್ಯಾಲೆ ಆಡ್ತಿದ್ರಂತ, ಡೆಕ್ ಟೆನಿಸ್ ಅಂತ ಇನ್ನೊಂದ ಹೆಸರದಂತ. ಚೆಂಡಿನಂಗ ಪುಟಿದು ಸಮುದ್ರಕ್ಕ ಹೋಗಂಗಿಲ್ಲ ನೋಡ್ರಿ ರಿಂಗು. ಊರ ಬಿಟ್ಟು ಹೊಂಟವರು ವ್ಯಾಳ್ಯಾ ಕಳೀಲಿಕ್ಕೆ ಆಡ್ತಿದ್ದ ಆಟ ಅಂದ ಮ್ಯಾಲೆ, ನಾ ಅದನ್ನ ತಗೊಂಡ ಬಂದದ್ದ ಛಲೋನ ಆತು ಅಂದಕೊಂಡೆ.

2020ರ ಮಾರ್ಚಿನಾಗ ಕೊರೋನಾ ಬಂದು ನಮ್ಮ ಗ್ರೌಂಡ್ ಬಂದ್ ಆತು. ಬೆಂಚಿನ ಮ್ಯಾಲೆ ಫೋನಿಲ್ಲ, ಆಟ ಇಲ್ಲ. ಆವಾಗ ಜೋಡಿನ ಒಂದ ಉಪಾಯ ತಗದ್ಲು. ಎಲ್ಲಾರೂ ತಮ್ಮ ತಮ್ಮ ಮಾಳಗಿ ಮ್ಯಾಲೆ ರಿಂಗ್ ಮ್ಯಾಲೆ ಒಗದು ಒಂದ ಕೈಲೆ ಹಿಡೀಬೇಕು, ಬೀಳೂತನಕ ಎಣಿಸಿ ಗ್ರೂಪಿಗೆ ನಂಬರ್ ಹಾಕಬೇಕು. ಬ್ಯಾಂಕ್ ವೈನಿ 40, ಖಾನಾವಳಿ ಅಕ್ಕ 62, ನಾನು ಹ್ಯೂಸ್ಟನ್ನಿಂದ 71, ಜೋಡಿ 118. ಸುಳ್ಳ ಹೇಳ್ತಾರ ಅಂತ ವಿಡಿಯೋ ಕೇಳೂದು, ಜಗಳ ಆಡೂದು. ಆ ವರ್ಷ ನಮ್ಮ ಗ್ರೂಪಿನಾಗ ಹೂವು ಕಡಿಮಿ ಆದ್ವು, ನಂಬರ್ ಜಾಸ್ತಿ ಆದ್ವು. ವರ್ಷದ ಕಡೀಕ ಮತ್ತ ಗ್ರೌಂಡ್ ಶುರು ಆತು, ಫೋನು ಬೆಂಚಿಗೆ ಬಂತು.

ಈಗ ಬರ್ತದ ನೋಡ್ರಿ ನಾ ಟೀಚರ್ ಬಾಯಿಗೆ ಹೇಳದೆ ಬಿಟ್ಟ ಅರ್ಧಾ.

2021ರ ಫೆಬ್ರುವರಿ ನಡಕ ಟೆಕ್ಸಾಸಿಗೆ ದೊಡ್ಡ ಹಿಮದ ಬಿರುಗಾಳಿ ಬಂತು. ಬಿಸಿಲಿನ ಊರದು, ಥಂಡಿಗೆ ತಯಾರ ಇದ್ದದ್ದಲ್ಲ. ಫೆಬ್ರುವರಿ 15ಕ್ಕ ನಸುಕಿನಾಗ ಕರೆಂಟ್ ಹೋತು. ಲಕ್ಷಗಟ್ಟಲೆ ಮನಿ ಕತ್ತಲಿ, ಕೆಲವರ ಮನಿ ನೀರಿನ ಪೈಪ್ ಒಡದ್ವು. ನಮ್ಮ ಮನ್ಯಾಗ ಇದ್ದಬದ್ದ ಎಲ್ಲಾ ಹೊದಿಕಿ, ಮ್ಯಾಲೆ ನನ್ನ ಎರಡ ಇಳಕಲ್ಲ ಸೀರಿ ಹೊದ್ದು ಕೂತಿದ್ವಿ. ಮರುದಿವಸ ಅಜ್ಜಿಗೆ ಒಂದೀಟು ಅವಲಕ್ಕಿ ಕೊಟ್ಟ ಬರೂಣು ಅಂತ ಹೊರಗಿನ ಪಾವಟಿಗಿ ಇಳೀಲಿಕತ್ತೆ. ಪಾವಟಿಗಿ ಮ್ಯಾಲೆ ಮಂಜು ಗಾಜಿನಂಗ ಕೂತಿತ್ತು. ಕಾಲ ಜಾರಿ, ಬಲಗೈ ಊರಿ ಬಿದ್ದೆ. ಮಣಿಕಟ್ಟು ಮುರೀತು. ಅಜ್ಜಿನ ಓಡಿ ಬಂದು ಒಂದ ಮರದ ಸೌಟು ಹಚ್ಚಿ ಬಟ್ಟಿ ಸುತ್ತಿ ಕಟ್ಟಿದ್ಲು. ದವಾಖಾನಿಗೆ ಹೋಗಿ ಬರೂದ್ರಾಗ ಸಾಕೋ ಸಾಕಾತು. ಆರ ವಾರ ಪ್ಲಾಸ್ಟರು.

ಬಲಗೈ ಅಂದ್ರ ನನ್ನ ರಿಂಗಿನ ಕೈ. ಗ್ರೌಂಡಿನವರಿಗೆ ಹೇಳಬ್ಯಾಡ್ರಿ ಅಂತ ಇವರಿಗೆ ತಾಕೀತು ಮಾಡಿದೆ. ಯಾಕ? ಅವರು ಗಾಬರಿ ಆಗ್ತಾರ ಅಂತ ಬಾಯಿಲೆ ಅಂದೆ. ಮನಸಿನಾಗ ಇದ್ದದ್ದ ಬ್ಯಾರೆ. ಕೈ ಮುರಕೊಂಡ್ಲು ಅಂದ್ರ ನನ್ನ ಜಾಗಾ ಸಣ್ಣಾಕಿಗೆ ಪೂರಾ ಖಾಯಂ ಆಗ್ತದ ಅಂತ. ಇಷ್ಟ ಸಣ್ಣ ಮನಸು ನಂದು. ಅದಕ್ಕ ವಿಡಿಯೋ ಬಂದ್ ಮಾಡಿದೆ. “ಬಿರುಗಾಳಿಯೊಳಗ ಫೋನ್ ಬಿದ್ದದ, ಕ್ಯಾಮೆರಾ ಕೆಟ್ಟದ, ಬರೇ ಮಾತ ಕೇಳಸ್ತದ” ಅಂದೆ. ಅಂಪೈರ್ ಕೆಲಸಕ್ಕ ರಜಾ ಹಾಕಿದೆ.

ಮಜಾ ಏನಂದ್ರ, ಅದ ಹೊತ್ತಿಗೆ ಜೋಡಿನೂ ಗ್ರೌಂಡಿಗೆ ಬರೂದ ಬಿಟ್ಟಿದ್ಲು. ಅತ್ತಿಗೆ ಆರಾಮಿಲ್ಲ, ಬೆಳಗಾವಿಗೆ ಓಡ್ಯಾಡ್ಲಿಕತ್ತೀನಿ ಅಂತಿದ್ಲು. ಫೋನ್ ಹಚ್ಚಿದ್ರ ಮಾತಾಡ್ತಿದ್ಲು, ವಿಡಿಯೋ ಅಂದ್ರ “ನಂದೂ ಕ್ಯಾಮೆರಾ ಸರಿ ಇಲ್ಲವಾ” ಅಂತಿದ್ಲು. ನಾ ಒಳಗ ಖುಷಿನ ಪಟ್ಟೆ. ಛಲೋ ಆತು, ನನ್ನ ಕೈ ತೋರಸೂದು ತಪ್ತು ಅಂತ. ಐದ ತಿಂಗಳು ಇಬ್ಬರೂ ಕ್ಯಾಮೆರಾ ಕೆಟ್ಟವರು. ಅಕಿ ದನಿ ಸಣ್ಣ ಆಗಿತ್ತು, ಮಾತಿನ ನಡಕ ದಣಿವು ಇತ್ತು. ಅದು ನನ್ನ ಕಿವಿಗೆ ಬೀಳಲಿಲ್ಲ. ನನ್ನ ಕಿವಿ ನನ್ನ ಸುಳ್ಳು ಕಾಯೂದ್ರಾಗ ಇತ್ತು.

ಎರಡನೇ ಅಲೆಗೆ ಮತ್ತ ಲಾಕ್‌ಡೌನ್ ಆತು, ಜುಲೈನಾಗ ಗ್ರೌಂಡ್ ತಗೀತು. ನನ್ನ ಪ್ಲಾಸ್ಟರೂ ಹೋಗಿತ್ತು, ಮತ್ತ ಅಂಪೈರ್ ಆದೆ. ಒಂದ ದಿವಸ ಆಟ ಮುಗದು ಎಲ್ಲಾರೂ ಬೆಂಚಿಗೆ ಬಂದು ಕೂತ್ರು. ಮಳಿ ಹನಿ ಬಿದ್ದದ್ದಕ್ಕೋ ಏನೋ ಯಾರೋ ಫೋನ್ ಬೋರಲ ಮಾಡಿ ಮ್ಯಾಲೆ ಟಾವೆಲ್ ಹಾಕಿದ್ರು. ನನಗ ಕತ್ತಲಿ. ಇಡೂಣು ಅನ್ನೂದ್ರಾಗ ಖಾನಾವಳಿ ಅಕ್ಕನ ದನಿ ಕೇಳಿಸ್ತು. “ಅಕಿಗೆ ಇನ್ನ ಎಷ್ಟ ಕೀಮೋ ಉಳದಾವ?” ಬ್ಯಾಂಕ್ ವೈನಿ “ಎರಡ. ತಲಿ ಕೂದಲೆಲ್ಲಾ ಹೋಗ್ಯಾವ, ಆದ್ರ ಧೈರ್ಯದಾಕಿ” ಅಂದ್ರು. ಆಮ್ಯಾಲೆ ಸಣ್ಣಾಕಿ, “ಹ್ಯೂಸ್ಟನ್ ಅಕ್ಕಾರಿಗೆ ಹೇಳೂದಿಲ್ಲೇನ್ರಿ ಇನ್ನೂ? ಪಾಪ, ಅವರ ಜೋಡಿ.”

ಕುಕ್ಕರ್ ಸೀಟಿ ಹೊಡೀಲಿಕತ್ತಿತ್ತು. ನಾ ಒದರಿದೆ. ಏನ ಒದರಿದೆ ಗೊತ್ತಿಲ್ಲ. ಆ ಕಡೆ ಟಾವೆಲ್ ತಗದ್ರು, ಎಲ್ಲಾರ ಮಾರಿನೂ ಒಮ್ಮೆಲೆ ಕಂಡ್ವು. ಯಾರೂ ಮಾತಾಡ್ಲಿಲ್ಲ. “ನೀವೆಲ್ಲಾ ಗೆಳತ್ಯಾರೇನ್ರಿ?” ಅಂದು ಫೋನ್ ಕಟ್ ಮಾಡಿ, ಗ್ರೂಪಿನಿಂದ ಹೊರಗ ಬಂದೆ.

ಸೀದಾ ಜೋಡಿಗೆ ವಿಡಿಯೋ ಹಚ್ಚಿದೆ. ಮೂರ ಸಲ ಕಟ್ ಮಾಡಿದ್ಲು. ನಾಕನೇ ಸಲಕ್ಕ ಎತ್ತಿದ್ಲು. ತಲೀಗೆ ಹಸರ ಹತ್ತಿ ಬಟ್ಟಿ, ಹುಬ್ಬಿಲ್ಲ, ನಗಿ ಮಾತ್ರ ಅದ. ಫೆಬ್ರುವರಿಯೊಳಗ ಎಡಗಡೆ ಎದಿಯೊಳಗ ಗಂಟು ಸಿಕ್ಕು, ಆಪರೇಶನ್ ಆಗಿತ್ತು. ನಾ ಬೈದೆ, ಅತ್ತೆ, “ಎಲ್ಲಾರಿಗೂ ಹೇಳಿ ನನಗೊಬ್ಬಾಕಿಗೆ ಯಾಕ ಮುಚ್ಚಿದಿ? ದೂರ ಹೋದಾಕಿ ಅಂತ ಎಣಸಲಿಕ್ಕ ಬಿಟ್ಟಿ ಹೌದಿಲ್ಲೋ?” ಅಂದೆ. ಅಕಿ ಎಲ್ಲಾ ಕೇಳಿದ್ಲು. ಮುಗದ ಮ್ಯಾಲೆ ಮೆತ್ತಗ ಕೇಳಿದ್ಲು. “ಬಲಗೈ ಮ್ಯಾಲೆತ್ತು.”

ನನ್ನ ಎದಿ ಧಸಕ್ ಅಂತು.

“ಎತ್ತ ನೋಡೂಣು. ಮಣಿಕಟ್ಟು ಪೂರಾ ತಿರಗತದೇನು?”

ಅಕಿಗೆ ಫೆಬ್ರುವರಿಯಿಂದನ ಗೊತ್ತಿತ್ತು! ನಮ್ಮನಿಯವರು ಅಕಿ ಗಂಡಗ ಹೇಳಿದ್ರಂತ. “ನಾ ದಿನಾ ಕಾಯ್ಲಿಕತ್ತಿದ್ದೆ ಜೋಡಿ” ಅಂದ್ಲು. “ನೀ ಕೈದು ಹೇಳಿದ್ರ ನಂದೂ ಹೇಳೂಣು ಅಂತ. ನೀ ದಿನಾ ಫೋನ್ ಹಚ್ಚಿ, ಎಲ್ಲಾ ಆರಾಮ, ಕ್ಯಾಮೆರಾ ಅಷ್ಟ ಕೆಟ್ಟದ ಅಂತಿದ್ದಿ. ಕೈ ಮುರದದ್ದ ಹೇಳಲಾರದಾಕಿಗೆ ನಾ ಇದನ್ನ ಹೆಂಗ ಹೇಳಲಿ? ಎಲ್ಲಿಂದ ಶುರು ಮಾಡ್ಲಿ?”

ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಅವತ್ತ ರಾತ್ರಿ ನಮ್ಮನಿಯವರನ್ನ ಹಿಡದೆ. ನಿಮಗ ಅಕಿದು ಗೊತ್ತಿತ್ತು, ಯಾಕ ಹೇಳಲಿಲ್ಲ ಅಂತ. ಅವರು ಚಪಾತಿ ಮುರದುಕೋತ ಅಂದ್ರು, “ಅವರು ಹೇಳಬ್ಯಾಡ್ರಿ ಅಂದ್ರು, ನೀನೂ ಹೇಳಬ್ಯಾಡ್ರಿ ಅಂದಿ. ನಿನ್ನ ಮಾತಂತೂ ನಾ ಒಂದ ಸಲ ಮೀರಿದೆ, ಅವರ ಮಾತರ ಉಳಸೂಣು ಅಂತ ಸುಮ್ಮನಾದೆ.” ಸಿಟ್ಟ ಬರಬೇಕಾಗಿತ್ತು. ಬರಲಿಲ್ಲ. ಅವರು ಹೇಳಿದ್ದಕ್ಕನ ಅಕಿಗೆ ನನ್ನ ಕೈದು ಗೊತ್ತಾದದ್ದು.

ಉಳದದ್ದ ಎರಡ ಕೀಮೋ. ಕೊರೋನಾ ಇದ್ದದ್ದಕ್ಕ ದವಾಖಾನಿಯೊಳಗ ಮಂದೀನ ಬಿಡ್ತಿರಲಿಲ್ಲ. ಅಕಿ ಗಂಡ ಹೊರಗ ಕೂಡ್ತಿದ್ರು, ಅಕಿ ಒಬ್ಬಾಕಿನ ಒಳಗ, ಕೈಗೆ ಸಲಾಯಿನ್ ಹಚಗೊಂಡು ನಾಕ ತಾಸು. ಅಲ್ಲಿ ಮುಂಜಾನೆ ಹತ್ತು ಅಂದ್ರ ನನಗ ರಾತ್ರಿ ಹನ್ನೊಂದೂವರಿ. ಅಕಿ ಕಿವಿಯೊಳಗ ಇಯರ್‌ಫೋನ್ ಹಾಕ್ಕೋತಿದ್ಲು, ನಾ ಅಡಗಿ ಮನ್ಯಾಗ ನೆಲದ ಮ್ಯಾಲೆ ಗ್ವಾಡಿಗೆ ಆತು ಕೂಡ್ತಿದ್ದೆ. ಏನ ಮಾತಾಡೂದು? ಹಳೇ ಗೇಮ್ ನೆನಸಿ ಒಂದೊಂದ ಪಾಯಿಂಟ್ ಹೇಳ್ತಿದ್ದೆ. ಬ್ಯಾಂಕ್ ವೈನಿ ನೆಟ್ಟಿಗೆ ಸೀರಿ ಸಿಗಿಸಿಕೊಂಡದ್ದು, ಖಾನಾವಳಿ ಅಕ್ಕ ಒಗದ ರಿಂಗು ಹಾಲಿನವನ ಕೊಳ್ಳಾಗ ಹಾರದಂಗ ಬಿದ್ದದ್ದು. ಅಕಿ ನಗ್ತಿದ್ಲು, ಇಲ್ಲಾ ನಿದ್ದಿ ಹೋಗ್ತಿದ್ಲು. ನಿದ್ದಿ ಹತ್ತಿದ್ರೂ ಫೋನ್ ಇಡ್ತಿರಲಿಲ್ಲ ನಾ. ಆ ಕಡೆ ಮಶೀನಿನ ಸಪ್ಪಳ, ಈ ಕಡೆ ಫ್ರಿಜ್ಜಿನ ಸಪ್ಪಳ. ರಾತ್ರಿ ಮೂರೂವರಿ ತನಕ. ಮೂರ ವರ್ಷದಾಗ ಅಷ್ಟ ಹತ್ತರ ಅಕಿ ಕಡೆ ಎಂದೂ ಕೂತಿರಲಿಲ್ಲ ಅನಸ್ತದ.

ಆಮ್ಯಾಲೆ ಅಕಿ ಎಡಗೈ ವ್ಯಾಯಾಮ ಶುರು ಆತು. ಕಂಕುಳದಾಗಿನ ಗಂಟೂ ತಗದಿದ್ರಿಂದ ಕೈ ಮ್ಯಾಲೆ ಏಳ್ತಿರಲಿಲ್ಲ. ಗ್ವಾಡಿಗೆ ಬೆರಳ ಹಚ್ಚಿ, ಹುಳ ಹರದಂಗ ಮೆಲ್ಲಕ ಮ್ಯಾಲೆ ಮ್ಯಾಲೆ ಏರಸಬೇಕಂತ. ಎಲ್ಲೀತನ ಮುಟ್ಟತದ ಅಲ್ಲಿ ಪೆನ್ಸಿಲ್ಲಿನಿಂದ ಗೆರಿ ಹೊಡದು, ತಾರೀಖ ಬರದು ಫೋಟೋ ಕಳಸ್ತಿದ್ಲು. ನಾನು ನೀರ ತುಂಬಿದ ಅರ್ಧ ಲೀಟರ್ ಬಾಟ್ಲಿ ಹಿಡದು ಮಣಿಕಟ್ಟು ತಿರುವಿದ್ದು ಎಷ್ಟ ಸಲ ಅಂತ ಕಳಸ್ತಿದ್ದೆ. ಗ್ರೂಪಿಗೂ ತಿರುಗಿ ಬಂದಿದ್ದೆ. ಸಣ್ಣಾಕಿನ ಲಿಂಕ್ ಕಳಿಸಿದ್ಲು, “ಅಕ್ಕಾರ, ನೀವಿಲ್ದ ಸ್ಕೋರ್ ಸರಿ ಆಗ್ವಲ್ದು” ಅಂತ ಬರದಿದ್ಲು. ಅಕಿಗೆ ನನ್ನ ಹೊಟ್ಟಿಕಿಚ್ಚಿಂದೂ ಹೇಳಿಬಿಟ್ಟೆ ಆಮ್ಯಾಲೊಮ್ಮೆ. ಅಕಿ ಎರಡ ಸಾಲು ನಗೂ ಚಿತ್ರ ಹಾಕಿದ್ಲು, ಮಾತ ಮುಗೀತು.

2022ರ ಜೂನಿನಾಗ ಧಾರವಾಡಕ್ಕ ಬಂದ್ವಿ. ಹೊರಡೂ ಮುಂದ ಕೆಂಪು ರಿಂಗು ಅಜ್ಜಿಗೆ ಕೊಟ್ಟ ಬಂದೆ. ಬಂದ ಮರುದಿವಸ ಗ್ರೌಂಡಿಗೆ ಹೋದೆ. ಜಿಟಿಜಿಟಿ ಮಳಿ. ಜೋಡಿ ಕೂದಲು ಗುಂಡ ಗುಂಡಾಗಿ ಬಂದಿದ್ವು. ಇಬ್ಬರೂ ಒಂದ ಕಡೆ ನಿಂತ್ವಿ. ಅಕಿ ಎಡಗೈ ಕಿವಿ ದಾಟೂದಿಲ್ಲ, ನನ್ನ ಬಲಗೈ ಪೂರಾ ತಿರಗೂದಿಲ್ಲ. ಮೊದಲ ಎರಡೂ ಕಡೆ ಗೆರಿ ನಮ್ಮದಿತ್ತು, ಈಗ ಎರಡೂ ಕಡೆ ಖುಲ್ಲಾ. 21–9ಕ್ಕ ಸೋತ್ವಿ. ಸಣ್ಣಾಕಿ ಮತ್ತ ಟೀಚರ್ ಬಾಯಿ ಗೆದ್ರು. ಬ್ಯಾಂಕ್ ವೈನಿ “ಹತ್ತ ವರ್ಷದ ಮ್ಯಾಲೆ ದೇವರು ಕಣ್ಣ ತಗದ” ಅಂತ ಪೇಢೆ ಹಂಚಿದ್ರು.

ಟೀಚರ್ ಬಾಯಿಗೆ ನಾ ಹೇಳಬೇಕಾಗಿದ್ದದ್ದು ಇದು. ಎರಡೂ ಊರ ಟೈಮ್ ನೋಡಿ ಒಂದ ವ್ಯಾಳ್ಯಾ ಹಾಕ್ಕೋರಿ, ಬೆಂಚಿನ ಮ್ಯಾಲೆ ಫೋನ್ ಇಡ್ರಿ, ಎಲ್ಲಾ ಖರೆ. ಆದ್ರ ದಿನಾ ಫೋನ್ ಹಚ್ಚೂದೂ ದೂರ ಇರೂದೂ ಎರಡೂ ಒಮ್ಮೆಲೆ ಆಗ್ತದ. ನಾ ಮಾಡೀನಿ. “ಅವರಿಗ್ಯಾಕ ತ್ರಾಸು” ಅಂತ ನಾವು ಮುಚ್ಚಿಟ್ಟ ಮಾತು, ಅವರ ಬಾಯಿನೂ ಮುಚ್ಚಸ್ತದ. ಹತ್ತರ ಇದ್ದಾಗ ಮಾರಿ ನೋಡಿ ಕೇಳ್ತಾರ, ಯಾಕವಾ ಸಪ್ಪಗಿದ್ದಿ ಅಂತ. ದೂರ ಇದ್ದಾಗ ನಾವ ಹೇಳಬೇಕು. ಮೊದಲ ನಾವ ಹೇಳಬೇಕು.

ಟೀಚರ್ ಬಾಯಿ ಹೋಗಿ ಮೂರ ವಾರ ಆದ್ವು. ದಿನಾ ಮುಂಜಾನೆ ಆರಕ್ಕ, ಅಲ್ಲಿ ಹತ್ತೂವರಿಗೆ, ಬೆಂಚಿನ ಮ್ಯಾಲ ಬರ್ತಾರ. ಈಗ ಅವರ ಅಂಪೈರು. ನಿನ್ನೆ ಬರೇ ದನಿ ಬಂತು, ಚಿತ್ರ ಇಲ್ಲ. “ಎಲ್ಲಾ ಆರಾಮ್ರಿ, ಕ್ಯಾಮೆರಾ ಯಾಕೋ ಸರಿ ಇಲ್ಲ” ಅಂದ್ರು.

ರಿಂಗು ಕೈಯಾಗ ಹಿಡಕೊಂಡ ಜೋಡಿ ನನ್ನ ಮಾರಿ ನೋಡಿದ್ಲು, ನಾ ಅಕಿ ಮಾರಿ ನೋಡಿದೆ. ಆಟ ನಿಲ್ಲಿಸಿ ಇಬ್ಬರೂ ಬೆಂಚಿನ ಕಡೆ ಹೋದ್ವಿ.

“ಬಾಯಿ,” ಅಂದ್ಲು ಜೋಡಿ, “ಕ್ಯಾಮೆರಾ ಹಚ್ರಿ.”